ರಸ್ತೆ ಅಪಘಾತ ತಡೆ: ಸಂಶೋಧನೆ ಹೇಳುವುದೇನು? ನಮ್ಮ ಮನೆ, ಮೊಹಲ್ಲಾದಲ್ಲಿ ಮಾಡಬಹುದಾದದ್ದೇನು?

ಬೆಳಗ್ಗೆ ಎದ್ದು ಮೊಬೈಲ್ ತೆರೆದರೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬ ಯುವಕನ ಫೋಟೋ, ಕೆಳಗೆ ‘ಇನ್ನಾಲಿಲ್ಲಾಹಿ’ ಎಂಬ ಸಾಲು ಸಾಲು ಸಂದೇಶಗಳು. ತಲಪಾಡಿಯಿಂದ ಚೆರ್ವತ್ತೂರಿನವರೆಗೆ ಇದನ್ನು ನೋಡದ ಜಮಾಅತ್ ಇರಲಿಕ್ಕಿಲ್ಲ. ಮಯ್ಯತ್ ದಫನ ಮಾಡಿ ಬಂದ ಮೇಲೆ ‘ಅವನ ಆಯುಷ್ಯ ಅಷ್ಟೇ ಇತ್ತು’ ಅಂತ ಹೇಳಿ ಸುಮ್ಮನಾಗುತ್ತೇವೆ. ಆಯುಷ್ಯ ಅಲ್ಲಾಹನ ಕೈಯಲ್ಲಿದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಒಂಟೆಯನ್ನು ಮೊದಲು ಕಟ್ಟಿಹಾಕು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಪಾಠವನ್ನೂ ನಾವು ಮದ್ರಸದಲ್ಲೇ ಕಲಿತವರು. ರಸ್ತೆಯ ಮೇಲೆ ಒಂಟೆಯನ್ನು ಕಟ್ಟುವುದು ಎಂದರೆ ಏನು? ಕಳೆದ ಐವತ್ತು, ಅರುವತ್ತು ವರ್ಷಗಳ ಸಂಶೋಧನೆ ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರ ಕೊಟ್ಟಿದೆ. ಅದನ್ನು ಒಂದೇ ಕಡೆ ಸಿಗುವಂತೆ ಮಾಡುವುದು ಈ ಲೇಖನದ ಉದ್ದೇಶ.

ಅಂಕಿ ಅಂಶಗಳು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಮಂದಿ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ. 5ರಿಂದ 29 ವರ್ಷದೊಳಗಿನವರ ಸಾವಿಗೆ ಇದೇ ಮೊದಲ ಕಾರಣ. ಅಂದರೆ ಯಾವುದೇ ರೋಗಕ್ಕಿಂತ ರಸ್ತೆಯೇ ನಮ್ಮ ಮಕ್ಕಳಿಗೆ ಹೆಚ್ಚು ಅಪಾಯಕಾರಿ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ 4,61,312 ಅಪಘಾತಗಳಾಗಿ 1,68,491 ಮಂದಿ ಸತ್ತರು. ಇವರಲ್ಲಿ ಶೇ.44.5 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಸತ್ತವರಲ್ಲಿ ಮೂರನೇ ಎರಡರಷ್ಟು ಮಂದಿ 18ರಿಂದ 45ರ ಪ್ರಾಯದವರು, ಅಂದರೆ ಮನೆಗೆ ದುಡಿದು ತರುವವರು. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಮಂದಿ ಬೈಕ್ ಓಡಿಸುತ್ತಿದ್ದವರಲ್ಲ, ಹಿಂದೆ ಕೂತಿದ್ದವರು. ಸೀಟ್ ಬೆಲ್ಟ್ ಹಾಕದೆ ಸತ್ತವರು 16,715.

ಕೇರಳದಲ್ಲಿ 2022ರಲ್ಲಿ 4,317 ಮಂದಿ, 2023ರಲ್ಲಿ 4,080 ಮಂದಿ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು. ಗಮನಿಸಬೇಕಾದ ವಿಷಯ ಏನೆಂದರೆ, ಇದೇ ಅವಧಿಯಲ್ಲಿ ಅಪಘಾತಗಳ ಸಂಖ್ಯೆ 43,910ರಿಂದ 48,091ಕ್ಕೆ ಏರಿತು. ಅಪಘಾತ ಜಾಸ್ತಿ, ಸಾವು ಕಡಿಮೆ. ಇದು ಹೇಗೆ ಸಾಧ್ಯ ಎಂದು ಕೇಳಿದರೆ ರಸ್ತೆ ಸುರಕ್ಷತೆಯ ಸಂಶೋಧನೆಯ ಮೂಲ ವಿಚಾರಕ್ಕೇ ಬಂದು ನಿಲ್ಲುತ್ತೇವೆ.

ಅಪಘಾತ ಬೇರೆ, ಸಾವು ಬೇರೆ

ಹಿಂದೆಲ್ಲ ಅಪಘಾತ ಎಂದರೆ ಚಾಲಕನ ತಪ್ಪು, ಅವನಿಗೆ ಶಿಕ್ಷೆ ಕೊಟ್ಟರೆ ಮುಗಿಯಿತು ಎಂಬ ಯೋಚನೆಯಿತ್ತು. ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಇದನ್ನು ಬದಲಿಸಿದರು. 1966ರಲ್ಲಿ ಅಲ್ಲಿನ ಕೇಂದ್ರ ಸರಕಾರದ ರಸ್ತೆ ಸುರಕ್ಷತಾ ವಿಭಾಗಕ್ಕೆ ಮೊದಲ ಮುಖ್ಯಸ್ಥರಾದ ಅವರು, ಅಪಘಾತವನ್ನು ರೋಗದಂತೆ ನೋಡಬೇಕು ಎಂದರು. ಅಪಘಾತಕ್ಕೆ ಮೊದಲು, ಅಪಘಾತದ ಕ್ಷಣದಲ್ಲಿ, ಅಪಘಾತದ ನಂತರ ಎಂದು ಮೂರು ಹಂತ. ಮನುಷ್ಯ, ವಾಹನ, ಪರಿಸರ ಎಂದು ಮೂರು ಅಂಶ. ಒಟ್ಟು ಒಂಬತ್ತು ಮನೆಗಳ ಒಂದು ಕೋಷ್ಟಕ. ಒಂದೊಂದು ಮನೆಯಲ್ಲೂ ಜೀವ ಉಳಿಸುವ ಅವಕಾಶ ಇದೆ. ಬ್ರೇಕ್ ಸರಿಯಿದ್ದರೆ ಅಪಘಾತವೇ ಆಗದಿರಬಹುದು. ಆದರೂ ಆಯಿತು ಅಂತಿಟ್ಟುಕೊಳ್ಳಿ, ಹೆಲ್ಮೆಟ್ ಇದ್ದರೆ ತಲೆ ಉಳಿಯಬಹುದು. ಗಾಯವೂ ಆಯಿತು, ಆಂಬುಲೆನ್ಸ್ ಬೇಗ ಬಂದರೆ ಜೀವ ಉಳಿಯಬಹುದು.

ಇದೇ ದಾರಿಯಲ್ಲಿ ಮುಂದೆ ಹೋದ ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ‘ವಿಷನ್ ಝೀರೋ’ ನೀತಿಯನ್ನು ಒಪ್ಪಿಕೊಂಡಿತು. ಅದರ ತಿರುಳು ಸರಳ: ಮನುಷ್ಯ ತಪ್ಪು ಮಾಡುವವನೇ. ಮಾಡಿದ ತಪ್ಪಿಗೆ ಮರಣದಂಡನೆ ಆಗದಂತೆ ರಸ್ತೆ, ವಾಹನ, ವೇಗ ಎಲ್ಲವನ್ನೂ ರೂಪಿಸಬೇಕು. ಇವತ್ತು ಜಗತ್ತಿನ ಹೆಚ್ಚಿನ ದೇಶಗಳ ರಸ್ತೆ ಸುರಕ್ಷತಾ ಯೋಜನೆಗಳಿಗೆ ಇದೇ ಅಡಿಪಾಯ. ಭಾರತದಲ್ಲಿ ಐಐಟಿ ದಿಲ್ಲಿಯ ಪ್ರೊ. ದಿನೇಶ್ ಮೋಹನ್ ಈ ವಿಚಾರವನ್ನು ದಶಕಗಳ ಕಾಲ ಪ್ರತಿಪಾದಿಸಿದರು. ಬೆಂಗಳೂರಿನ ನಿಮ್ಹಾನ್ಸ್, ಐಐಟಿ ಮದ್ರಾಸ್, ತಿರುವನಂತಪುರದ ನಾಟ್‌ಪ್ಯಾಕ್ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ.

ವೇಗದ ಲೆಕ್ಕ

ರಸ್ತೆ ಸುರಕ್ಷತೆಯ ಬಗ್ಗೆ ಒಂದೇ ವಿಷಯ ನೆನಪಿಡುವುದಾದರೆ ಅದು ವೇಗ. 2022ರಲ್ಲಿ ದೇಶದಲ್ಲಾದ ಸಾವುಗಳಲ್ಲಿ ಶೇ.71ರಷ್ಟಕ್ಕೆ ಅತಿವೇಗ ಕಾರಣ ಎಂದು ದಾಖಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಸರಾಸರಿ ವೇಗ ಶೇ.1 ಹೆಚ್ಚಾದರೆ ಪ್ರಾಣಾಂತಿಕ ಅಪಘಾತದ ಅಪಾಯ ಶೇ.4 ಹೆಚ್ಚುತ್ತದೆ. ಸ್ವೀಡನ್‌ನ ಗೋರಾನ್ ನಿಲ್ಸನ್ ಎಂಬ ಸಂಶೋಧಕ ರೂಪಿಸಿದ ಸೂತ್ರವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ಒಂದು ರಸ್ತೆಯಲ್ಲಿ ವಾಹನಗಳ ಸರಾಸರಿ ವೇಗ 60ರಿಂದ 66ಕ್ಕೆ ಏರಿದರೆ ಸಾವಿನ ಅಪಘಾತಗಳು ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತವೆ.

ಇದು ಯಾಕೆ ಹೀಗೆ ಎಂದು ಒಂದು ಲೆಕ್ಕದಿಂದ ನೋಡೋಣ. ಎದುರಿಗೆ ಮಗು ಅಡ್ಡ ಬಂತು. ಕಣ್ಣು ನೋಡಿ, ತಲೆ ಯೋಚಿಸಿ, ಕಾಲು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟು ಹೊತ್ತು ವಾಹನ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ಒಟ್ಟು ನಿಲ್ಲುವ ದೂರ ಹೀಗಿರುತ್ತದೆ:

- 40 ಕಿ.ಮೀ. ವೇಗದಲ್ಲಿ ಸುಮಾರು 25 ಮೀಟರ್
- 60 ಕಿ.ಮೀ. ವೇಗದಲ್ಲಿ ಸುಮಾರು 45 ಮೀಟರ್
- 80 ಕಿ.ಮೀ. ವೇಗದಲ್ಲಿ ಸುಮಾರು 69 ಮೀಟರ್

ಈಗ ಇದನ್ನು ಹೋಲಿಸಿ ನೋಡಿ. 60ರಲ್ಲಿ ಬಂದವನು 45 ಮೀಟರಿಗೆ ನಿಂತೇ ಬಿಟ್ಟ. 80ರಲ್ಲಿ ಬಂದವನು ಅದೇ 45 ಮೀಟರಿನ ಜಾಗಕ್ಕೆ ತಲುಪುವಾಗ ಅವನ ವೇಗ ಇನ್ನೂ ಸುಮಾರು 65 ಕಿ.ಮೀ. ಇರುತ್ತದೆ! ಒಬ್ಬನಿಗೆ ಬರೀ ಹೆದರಿಕೆ, ಇನ್ನೊಬ್ಬನಿಗೆ ಕೊಲೆಯಂಥ ಹೊಡೆತ. ಮಳೆಗಾಲದಲ್ಲಿ ಟಯರಿಗೆ ಹಿಡಿತ ಕಡಿಮೆಯಾದಾಗ 80ರ ವೇಗದಲ್ಲಿ ನಿಲ್ಲಲು 90 ಮೀಟರೂ ಸಾಲದೆ ಹೋಗಬಹುದು. ಕಾರು ಡಿಕ್ಕಿಯಾದಾಗ ಅದರ ವೇಗ 50ರ ಬದಲು 65 ಇದ್ದರೆ, ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾದರೆ ವೇಗದಿಂದ ಉಳಿಯುವ ಸಮಯ ಎಷ್ಟು? 10 ಕಿ.ಮೀ. ದಾರಿಗೆ 60ರಲ್ಲಿ ಹೋದರೆ 10 ನಿಮಿಷ, 80ರಲ್ಲಿ ಹೋದರೆ ಏಳೂವರೆ ನಿಮಿಷ. ಅದೂ ದಾರಿಯಲ್ಲಿ ಎಲ್ಲಿಯೂ ನಿಲ್ಲದಿದ್ದರೆ ಮಾತ್ರ. ಎರಡೂವರೆ ನಿಮಿಷಕ್ಕಾಗಿ ನಾವು ಏನನ್ನು ಪಣಕ್ಕೆ ಇಡುತ್ತಿದ್ದೇವೆ ಎಂದು ಯೋಚಿಸಬೇಕು. ಕೇರಳದಲ್ಲಿ 2023ರ ಜುಲೈ 1ರಿಂದ ದ್ವಿಚಕ್ರ ವಾಹನಗಳ ಗರಿಷ್ಠ ವೇಗಮಿತಿಯನ್ನು 70ರಿಂದ 60ಕ್ಕೆ ಇಳಿಸಲಾಗಿದೆ ಎನ್ನುವುದು ಯುವಕರಿಗೆ ತಿಳಿದಿರಲಿ.

ಹೆಲ್ಮೆಟ್: ಪೊಲೀಸರಿಗಲ್ಲ, ತಲೆಗೆ

ಹೆಲ್ಮೆಟ್ ಬಗ್ಗೆ ನಡೆದಷ್ಟು ಅಧ್ಯಯನ ಬೇರೆ ಯಾವ ಸುರಕ್ಷತಾ ಸಾಧನದ ಬಗ್ಗೆಯೂ ನಡೆದಿರಲಿಕ್ಕಿಲ್ಲ. ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ.42ರಷ್ಟು, ತಲೆಗೆ ಗಾಯವಾಗುವ ಅಪಾಯವನ್ನು ಶೇ.69ರಷ್ಟು ಕಡಿಮೆ ಮಾಡುತ್ತದೆ. ನಮ್ಮ ಹಾಗೆಯೇ ಬೈಕ್, ಸ್ಕೂಟರ್ ತುಂಬಿರುವ ವಿಯೆಟ್ನಾಂನಲ್ಲಿ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ ಹೆಲ್ಮೆಟ್ ಕಡ್ಡಾಯವಾಯಿತು. ಕೆಲವೇ ದಿನಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಹಾಕತೊಡಗಿದರು. ಆಸ್ಪತ್ರೆಗಳ ದಾಖಲೆ ಪರೀಕ್ಷಿಸಿದಾಗ ತಲೆಗಾಯದ ಅಪಾಯ ಶೇ.16, ಸಾವಿನ ಅಪಾಯ ಶೇ.18 ಇಳಿದಿತ್ತು.

ಹೆಲ್ಮೆಟ್ ಕೆಲಸ ಮಾಡುವುದು ಅದರ ಗಟ್ಟಿ ಚಿಪ್ಪಿನಿಂದ ಮಾತ್ರವಲ್ಲ. ಒಳಗಿನ ಥರ್ಮಾಕೋಲ್‌ನಂಥ ಪದರ ಹೊಡೆತ ಬಿದ್ದಾಗ ಜಜ್ಜಿಹೋಗಿ, ಮೆದುಳಿಗೆ ಹೋಗಬೇಕಾದ ಹೊಡೆತವನ್ನು ತಾನು ತಿನ್ನುತ್ತದೆ. ಆದ್ದರಿಂದ:

- ಒಮ್ಮೆ ದೊಡ್ಡ ಹೊಡೆತ ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬಳಸಬೇಡಿ.
- ಐಎಸ್‌ಐ ಗುರುತು ಇರುವುದನ್ನೇ ಕೊಳ್ಳಿ. 2021ರ ಜೂನ್ 1ರಿಂದ ಈ ಗುರುತು ಇಲ್ಲದ ಹೆಲ್ಮೆಟ್ ಮಾರುವುದು ಕಾನೂನುಬಾಹಿರ. ಒಳಗೆ ಪದರವೇ ಇಲ್ಲದ ಟೋಪಿಯಂಥ ಹೆಲ್ಮೆಟ್ ಕ್ಯಾಮೆರಾವನ್ನು ಮೋಸ ಮಾಡಬಹುದು, ಡಾಮರು ರಸ್ತೆಯನ್ನಲ್ಲ.
- ಸ್ಟ್ರ್ಯಾಪ್ ಹಾಕದ ಹೆಲ್ಮೆಟ್ ಬೀಳುವ ಮೊದಲೇ ಹಾರಿಹೋಗುತ್ತದೆ. ಪೆಟ್ರೋಲ್ ಟ್ಯಾಂಕ್ ಮೇಲೆ ಇಟ್ಟುಕೊಂಡರೆ ಟ್ಯಾಂಕ್‌ಗೆ ಮಾತ್ರ ರಕ್ಷಣೆ.
- ಹಿಂದೆ ಕೂತವರಿಗೂ, 4 ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದ ಮಕ್ಕಳನ್ನು ಕೂರಿಸಿಕೊಂಡರೆ ವೇಗ 40 ದಾಟಬಾರದು, ಮಗುವನ್ನು ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು ಎಂದೂ ಕೇಂದ್ರದ ನಿಯಮ ಹೇಳುತ್ತದೆ.

‘ಇಲ್ಲೇ ಮಸೀದಿಗೆ ಹೋಗಿ ಬರ್ತೇನೆ, ಹೆಲ್ಮೆಟ್ ಯಾಕೆ?’ ಎನ್ನುವುದು ನಾವು ದಿನಾ ಕೇಳುವ ಮಾತು. ಬಿದ್ದಾಗ ತಲೆಗೆ ತಾಗುವ ಹೊಡೆತಕ್ಕೆ ಮನೆ ಎಷ್ಟು ಹತ್ತಿರ ಎಂಬುದರ ಲೆಕ್ಕವಿಲ್ಲ.

ಹಿಂದೆ ಕೂರುವ ನಮ್ಮ ಹೆಣ್ಣುಮಕ್ಕಳ ಬಗ್ಗೆ ಒಂದು ವಿಶೇಷ ಎಚ್ಚರಿಕೆ. ಶಾಲು, ಪರ್ದಾದ ತುದಿ ಹಿಂದಿನ ಚಕ್ರಕ್ಕೆ ಅಥವಾ ಚೈನಿಗೆ ಸಿಕ್ಕಿ ಕುತ್ತಿಗೆಗೆ ಗಂಭೀರ ಗಾಯವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ಗಾರ್ಡ್, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ ಇರಬೇಕೆಂದು ಮೋಟಾರು ವಾಹನ ನಿಯಮವೇ ಇದೆ. ಸ್ಟೈಲ್‌ಗೆಂದು ಆ ಗಾರ್ಡ್ ಬಿಚ್ಚಿಸಿದ ಬೈಕಿನಲ್ಲಿ ಉಮ್ಮನನ್ನೋ ತಂಗಿಯನ್ನೋ ಕೂರಿಸಬೇಡಿ. ಹೊರಡುವ ಮೊದಲು ಬಟ್ಟೆಯ ತುದಿಯನ್ನು ಒಳಗೆ ಸಿಕ್ಕಿಸಿಕೊಳ್ಳಲು ಹೇಳಿ.

ಸೀಟ್ ಬೆಲ್ಟ್ ಮತ್ತು ಹಿಂದಿನ ಸೀಟು

ಇವತ್ತು ಎಲ್ಲ ಕಾರುಗಳಲ್ಲಿರುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪೆನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಮುಂದೆ ಕೂತವರ ಸಾವಿನ ಅಪಾಯವನ್ನು ಇದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುತ್ತದೆ. ನಮ್ಮಲ್ಲಿ ಸಮಸ್ಯೆ ಹಿಂದಿನ ಸೀಟಿನದ್ದು. ಮದುವೆಗೋ ನಿಶ್ಚಿತಾರ್ಥಕ್ಕೋ ಹೊರಟರೆ ಹಿಂದೆ ನಾಲ್ಕೈದು ಮಂದಿ, ಮಡಿಲಲ್ಲಿ ಮಕ್ಕಳು. ಬೆಲ್ಟ್ ಹಾಕದೆ ಹಿಂದೆ ಕೂತವರು ಡಿಕ್ಕಿಯ ಕ್ಷಣದಲ್ಲಿ ಕಾರು ಓಡುತ್ತಿದ್ದ ವೇಗದಲ್ಲೇ ಮುಂದಕ್ಕೆ ಎಸೆಯಲ್ಪಡುತ್ತಾರೆ. ತಾವೂ ಸಾಯಬಹುದು, ಮುಂದೆ ಬೆಲ್ಟ್ ಹಾಕಿ ಕೂತವರನ್ನೂ ಕೊಲ್ಲಬಹುದು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತಾಗ ಅವರು ಕೂತಿದ್ದದ್ದು ಹಿಂದಿನ ಸೀಟಿನಲ್ಲಿ. ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದ್ದರು. ಕಾರು ಎಷ್ಟು ದುಬಾರಿಯದ್ದಾದರೂ ಬೆಲ್ಟಿನ ಕೆಲಸವನ್ನು ಬೆಲ್ಟೇ ಮಾಡಬೇಕು.

ಮಗುವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು ಎನ್ನುವುದು ತಪ್ಪು ತಿಳಿವಳಿಕೆ. 50ರ ವೇಗದ ಡಿಕ್ಕಿಯಲ್ಲಿ ಹತ್ತು ಕಿಲೋದ ಮಗುವನ್ನು ಯಾವ ತಾಯಿಯ ಕೈಯೂ ಹಿಡಿದು ನಿಲ್ಲಿಸಲಾರದು. ಮಕ್ಕಳ ಸೀಟು ಬಳಸಿದರೆ ಸಾವಿನ ಅಪಾಯ ಶೇ.60ರವರೆಗೆ ಕಡಿಮೆಯಾಗುತ್ತದೆ. ಗಲ್ಫ್‌ನಿಂದ ರಜೆಗೆ ಬರುವ ಕುಟುಂಬಗಳಿಗೆ ಇದು ಹೊಸತಲ್ಲ. ಯುಎಇಯಲ್ಲಿ 2017ರಿಂದ 4 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸೀಟು ಕಡ್ಡಾಯ. ಕಾರಿನಲ್ಲಿ ಯಾರು ಬೆಲ್ಟ್ ಹಾಕದಿದ್ದರೂ 400 ದಿರ್ಹಮ್ ದಂಡ. ಅಲ್ಲಿ ಪಾಲಿಸುವುದನ್ನು ಮಂಗಳೂರು, ಕಣ್ಣೂರು ಏರ್‌ಪೋರ್ಟ್‌ನ ಗೇಟಿನಲ್ಲಿ ಬಿಟ್ಟು ಬರುವುದು ಯಾಕೆ?

ಮೊಬೈಲ್ ಮತ್ತು ನಿದ್ದೆ

1997ರಲ್ಲಿ ಕೆನಡಾದ ರೆಡೆಲ್ಮೈಯರ್ ಮತ್ತು ಟಿಬ್‌ಶಿರಾನಿ ಎಂಬಿಬ್ಬರು ಸಂಶೋಧಕರು ಚಾಲಕರ ಫೋನ್ ಬಿಲ್ ಮತ್ತು ಅಪಘಾತದ ಸಮಯವನ್ನು ಹೋಲಿಸಿ ನೋಡಿದರು. ಫೋನಿನಲ್ಲಿ ಮಾತಾಡುವಾಗ ಅಪಘಾತದ ಅಪಾಯ ನಾಲ್ಕು ಪಟ್ಟು ಹೆಚ್ಚಾಗಿತ್ತು. ಕೈಯಲ್ಲಿ ಹಿಡಿಯದೆ ಮಾತಾಡಿದರೂ ಅಪಾಯ ಕಡಿಮೆಯಾದದ್ದು ಕಂಡುಬರಲಿಲ್ಲ. ಅಂದರೆ ಸಮಸ್ಯೆ ಕೈಯದ್ದಲ್ಲ, ಗಮನದ್ದು. ಹೆಲ್ಮೆಟ್ ಒಳಗೆ ಮೊಬೈಲ್ ತುರುಕಿಕೊಂಡು ಅಥವಾ ಬ್ಲೂಟೂತ್ ಸಿಕ್ಕಿಸಿಕೊಂಡು ಹೋಗುವವರು ಇದನ್ನು ನೆನಪಿಡಬೇಕು. 60ರ ವೇಗದಲ್ಲಿ ಮೂರು ಸೆಕೆಂಡ್ ಮೆಸೇಜ್ ನೋಡಿದರೆ 50 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ.

ನಿದ್ದೆಯ ವಿಷಯ ನಮ್ಮ ಸಮುದಾಯಕ್ಕೆ ಇನ್ನೂ ಹತ್ತಿರದ್ದು. 17ರಿಂದ 19 ಗಂಟೆ ನಿದ್ದೆಯಿಲ್ಲದೆ ಇದ್ದವನ ಪ್ರತಿಕ್ರಿಯೆ, ರಕ್ತದಲ್ಲಿ ಶೇ.0.05 ಮದ್ಯ ಇರುವವನಿಗಿಂತ ಚೆನ್ನಾಗಿರುವುದಿಲ್ಲ ಎಂದು 2000ನೇ ಇಸವಿಯಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ಮದ್ಯ ಹರಾಂ ಎಂದು ದೂರ ಇರುವ ನಾವು ನಿದ್ದೆಗೆಟ್ಟು ಓಡಿಸುವಾಗ ಅಮಲಿನಲ್ಲಿದ್ದವರ ಹಾಗೆಯೇ ಓಡಿಸುತ್ತಿರುತ್ತೇವೆ. ನಡುರಾತ್ರಿಯ ಫ್ಲೈಟಿಗೆ ಏರ್‌ಪೋರ್ಟ್ ಓಟ, ಉರೂಸ್ ಮುಗಿಸಿ ಮುಂಜಾನೆ ವಾಪಸ್ಸು, ರಮಝಾನಿನಲ್ಲಿ ಸಹರಿಯ ನಂತರದ ಪ್ರಯಾಣ, ಇಫ್ತಾರ್‌ಗೆ ಮನೆ ಸೇರುವ ಗಡಿಬಿಡಿ: ಇವು ನಾಲ್ಕೂ ಅಪಾಯದ ಹೊತ್ತುಗಳು. ಕಣ್ಣು ಎಳೆದರೆ ಕಿಟಕಿ ತೆರೆಯುವುದು, ಪಾಟು ಹಾಕುವುದು ಉಪಾಯವಲ್ಲ. ಗಾಡಿ ಬದಿಗೆ ನಿಲ್ಲಿಸಿ 15, 20 ನಿಮಿಷ ಮಲಗುವುದೇ ಉಪಾಯ. ಇಫ್ತಾರ್‌ಗೆ ಹೊತ್ತಾದರೆ ದಾರಿಯಲ್ಲೇ ಖರ್ಜೂರ, ನೀರಿನಿಂದ ನೋಂಬು ಬಿಡಬಹುದು.

ಹುಡುಗರ ಕೈಗೆ ಕೀ

ಹದಿಹರೆಯದ ಚಾಲಕರ ಜೊತೆ ಅದೇ ಪ್ರಾಯದ ಸ್ನೇಹಿತರು ಇದ್ದಷ್ಟೂ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಅದಕ್ಕಾಗಿಯೇ ನ್ಯೂಝಿಲೆಂಡ್ 1987ರಲ್ಲಿ ಹಂತ ಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿ ತಂದಿತು. ಮೊದಲ ಹಂತಗಳಲ್ಲಿ ರಾತ್ರಿ ಓಡಿಸುವುದಕ್ಕೂ ಸ್ನೇಹಿತರನ್ನು ಕೂರಿಸಿಕೊಳ್ಳುವುದಕ್ಕೂ ನಿರ್ಬಂಧ ಇರುತ್ತದೆ.

ನಮ್ಮ ಕಾನೂನು ಇಲ್ಲಿ ಬಹಳ ಕಠಿಣ. 2019ರ ತಿದ್ದುಪಡಿಯ 199ಎ ಕಲಂ ಪ್ರಕಾರ 18 ತುಂಬದವರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿ ಯಾರಿಗಾದರೂ ಗಾಯವಾದರೆ, ವಿಮಾ ಕಂಪೆನಿ ಗಾಯಾಳುವಿಗೆ ಪರಿಹಾರ ಕೊಟ್ಟು ಆ ಮೊತ್ತವನ್ನು ಮಾಲಕರಿಂದ ವಸೂಲಿ ಮಾಡಬಹುದು ಎಂಬ ತೀರ್ಪುಗಳು ಬಹಳ ಇವೆ. ಗಲ್ಫ್‌ನಲ್ಲಿ ದುಡಿಯುವ ತಂದೆಯ ಹೆಸರಿನ ಬೈಕನ್ನು ಊರಲ್ಲಿ ಹತ್ತನೇ ಕ್ಲಾಸಿನ ಮಗ ಓಡಿಸುವ ಮನೆಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ರಸ್ತೆಯೂ ಜವಾಬ್ದಾರ

ಎಲ್ಲವನ್ನೂ ಚಾಲಕರ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಘಾನಾ ದೇಶದಲ್ಲಿ ಅಕ್ರಾ–ಕುಮಾಸಿ ಹೆದ್ದಾರಿ ಹಾದುಹೋಗುವ ಸುಹುಮ್ ಜಂಕ್ಷನ್‌ನಲ್ಲಿ ರಸ್ತೆಯ ಮೇಲೆ ವೇಗ ತಗ್ಗಿಸುವ ಉಬ್ಬುಪಟ್ಟಿಗಳನ್ನು ಹಾಕಿದ ಮೇಲೆ ಅಪಘಾತ ಸುಮಾರು ಶೇ.35, ಸಾವು ಶೇ.55 ಕಡಿಮೆಯಾಯಿತು. ಅಮೆರಿಕದಲ್ಲಿ ಸಿಗ್ನಲ್ ಜಂಕ್ಷನ್‌ಗಳನ್ನು ವೃತ್ತಗಳಾಗಿ ಬದಲಿಸಿದಾಗ ಗಾಯದ ಅಪಘಾತಗಳು ಗಣನೀಯವಾಗಿ ಇಳಿದವು.

ತಲಪಾಡಿಯಿಂದ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿ ಅಗಲವಾದದ್ದು ನಮ್ಮ ಊರುಗಳ ರೂಪವನ್ನೇ ಬದಲಿಸಿದೆ. ಮನೆ ಒಂದು ಬದಿ, ಮಸೀದಿ ಅಥವಾ ಶಾಲೆ ಇನ್ನೊಂದು ಬದಿ. ಅಂಡರ್‌ಪಾಸ್ ದೂರ ಇದ್ದರೆ ಜನ ಡಿವೈಡರ್ ಹತ್ತಿ ದಾಟುತ್ತಾರೆ, ಸ್ಕೂಟರ್‌ನವರು ಸರ್ವಿಸ್ ರಸ್ತೆಯಲ್ಲಿ ವಿರುದ್ಧ ದಿಕ್ಕಿಗೆ ಬರುತ್ತಾರೆ. ಇದು ತಪ್ಪೇ, ಆದರೆ ಜನ ಹೀಗೆ ಮಾಡುತ್ತಾರೆ ಎಂದು ಮೊದಲೇ ತಿಳಿದು ದಾಟುವ ವ್ಯವಸ್ಥೆ ಮಾಡುವುದು ರಸ್ತೆ ಕಟ್ಟುವವರ ಕರ್ತವ್ಯ.

‘ಬ್ಲ್ಯಾಕ್ ಸ್ಪಾಟ್’ ಎಂಬ ಪದ ಸುಮ್ಮನೆ ಬಳಸುವುದಲ್ಲ, ಅದಕ್ಕೆ ಲೆಕ್ಕ ಇದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತಗಳಾಗಿದ್ದರೆ, ಅಥವಾ 10 ಮಂದಿ ಸತ್ತಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಅಪಘಾತವಾದಾಗ ಪೊಲೀಸ್ ದಾಖಲೆ ಆಗದಿದ್ದರೆ ಆ ಜಾಗ ಈ ಲೆಕ್ಕಕ್ಕೇ ಬರುವುದಿಲ್ಲ. ‘ಕೇಸ್ ಬೇಡ, ಮಾತಾಡಿ ಮುಗಿಸೋಣ’ ಎನ್ನುವಾಗ ಇದೂ ನೆನಪಿರಲಿ.

ಕ್ಯಾಮೆರಾದಿಂದ ಪ್ರಯೋಜನ ಇದೆಯೇ?

ಕೇರಳ ಸರಕಾರ 726 ಕ್ಯಾಮೆರಾಗಳನ್ನು ಅಳವಡಿಸಿ 2023ರ ಜೂನ್ 5ರಿಂದ ದಂಡ ವಿಧಿಸಲು ಶುರು ಮಾಡಿತು. ಯೋಜನೆಯ ಖರ್ಚಿನ ಬಗ್ಗೆ ರಾಜಕೀಯ ವಿವಾದವೂ ಆಯಿತು. ಸಾವು ಇಳಿದದ್ದಕ್ಕೆ ಕ್ಯಾಮೆರಾ ಒಂದೇ ಕಾರಣ ಎನ್ನಲಾಗದು. ಆದರೆ ಅಪಘಾತ ಹೆಚ್ಚಿದರೂ ಸಾವು ಇಳಿದದ್ದು, ಹೆಲ್ಮೆಟ್, ಬೆಲ್ಟ್ ಬಳಕೆ ಹೆಚ್ಚಿದರೆ ಏನಾಗಬೇಕೋ ಅದಕ್ಕೆ ಹೊಂದುತ್ತದೆ. ದಂಡ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎನ್ನುವುದೇ ಜನರ ನಡತೆಯನ್ನು ಬದಲಿಸುತ್ತದೆ ಎಂಬುದು ಸಂಶೋಧಕರ ಸಾಮಾನ್ಯ ಅಭಿಪ್ರಾಯ. ದುಬೈ ಇದಕ್ಕೆ ನಮಗೆ ಗೊತ್ತಿರುವ ಉದಾಹರಣೆ. ಅಲ್ಲಿನ ಸಾರಿಗೆ ಪ್ರಾಧಿಕಾರದ ಪ್ರಕಾರ 2007ರಲ್ಲಿ ಲಕ್ಷ ಜನರಿಗೆ ಸುಮಾರು 22ರಷ್ಟಿದ್ದ ರಸ್ತೆ ಸಾವು 2023ರಲ್ಲಿ 1.6ಕ್ಕೆ ಇಳಿಯಿತು. ಅಲ್ಲಿ ಓಡಿಸುವವರಲ್ಲಿ ನಮ್ಮವರೂ ಇದ್ದಾರೆ. ಅದೇ ಮನುಷ್ಯ, ಬೇರೆ ವ್ಯವಸ್ಥೆ, ಬೇರೆ ಫಲಿತಾಂಶ.

ಅಪಘಾತವಾದ ಮೇಲೆ

ಗಾಯವಾದ ಮೊದಲ ಒಂದು ಗಂಟೆಯನ್ನು ಕಾನೂನೇ ‘ಗೋಲ್ಡನ್ ಅವರ್’ ಎಂದು ಕರೆದಿದೆ. ಕಾಸರಗೋಡಿನವರಿಗೆ ಈ ಗಂಟೆಯ ಬೆಲೆ ಬೇರೆಯವರಿಗಿಂತ ಹೆಚ್ಚು ಗೊತ್ತು. ತಲೆಗೆ ಪೆಟ್ಟಾದವರನ್ನು ಹೆಚ್ಚಾಗಿ ಮಂಗಳೂರಿಗೋ ದೇರಳಕಟ್ಟೆಗೋ ಒಯ್ಯಬೇಕು. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆದ ಸಂಕಟ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು.

- 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033.
- ರಕ್ತ ಸುರಿಯುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.
- ಕುತ್ತಿಗೆ, ಬೆನ್ನು ತಿರುಚದಂತೆ ನೋಡಿಕೊಳ್ಳಿ. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಎಳೆದಾಡಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯುವುದನ್ನು ತಿಳಿದವರಿಗೆ ಬಿಡಿ.
- ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಮತ್ತು ಅದರ ನಿಯಮಗಳು ನಿಮಗೆ ರಕ್ಷಣೆ ಕೊಡುತ್ತವೆ.
- 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂ. ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ.

ಜಮಾಅತ್ ಮತ್ತು ಯುವಕರ ಸಂಘಟನೆಗಳು

ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದೂ ಸದಕ ಎಂದು ಕಲಿಸಿದ ದೀನ್ ನಮ್ಮದು. ಮೊಹಲ್ಲಾ ಮಟ್ಟದಲ್ಲಿ ಇಷ್ಟನ್ನು ಶುರು ಮಾಡಬಹುದು: ಊರಿನ ವ್ಯಾಪ್ತಿಯಲ್ಲಿ ಎಲ್ಲಿ, ಯಾವ ಹೊತ್ತಿಗೆ ಅಪಘಾತಗಳಾಗಿವೆ ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು, ಆ ಪಟ್ಟಿಯೊಂದಿಗೆ ಪಂಚಾಯತ್, ಪೊಲೀಸ್ ಮತ್ತು ಹೆದ್ದಾರಿ ಪ್ರಾಧಿಕಾರಕ್ಕೆ ಮನವಿ ಕೊಡುವುದು, ಮದ್ರಸ ಬಿಡುವ ಹೊತ್ತಿಗೆ ಮಕ್ಕಳನ್ನು ರಸ್ತೆ ದಾಟಿಸಲು ಇಬ್ಬರು ಸ್ವಯಂಸೇವಕರನ್ನು ನಿಲ್ಲಿಸುವುದು, ಜುಮಾ ದಿನ ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲದಂತೆ ನೋಡಿಕೊಳ್ಳುವುದು. ಸ್ವಲಾತ್ ವಾರ್ಷಿಕಕ್ಕೆ ಬ್ಯಾನರ್ ಕಟ್ಟುವ ಖರ್ಚಿನಲ್ಲಿ ಒಂದು ಪಾಲನ್ನು ಬಡ ಕುಟುಂಬಗಳ ಮಕ್ಕಳಿಗೆ ಒಳ್ಳೆಯ ಹೆಲ್ಮೆಟ್ ಕೊಡಲು ಬಳಸಬಹುದು. ಬೈಕ್ ರ‍್ಯಾಲಿ ಇಲ್ಲದೆಯೂ ಮೀಲಾದ್ ಆಚರಿಸಬಹುದು. ರ‍್ಯಾಲಿ ಮಾಡಿದರೆ ಹೆಲ್ಮೆಟ್ ಇಲ್ಲದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಹೇಳುವ ಧೈರ್ಯ ನಾಯಕರಿಗೆ ಇರಬೇಕು.

ತಮ್ಮಂದಿರೇ, ಇದರಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ಸ್ಟ್ರ್ಯಾಪ್ ಹಾಕಲು ಎರಡು ಸೆಕೆಂಡ್, ನಿಧಾನ ಹೋಗಲು ಎರಡೂವರೆ ನಿಮಿಷ. ಮನೆಯ ಗೇಟಿನಲ್ಲಿ ನಿಮ್ಮ ಬೈಕಿನ ಸದ್ದಿಗೆ ಕಾಯುವವರಿಗೆ ನೀವು ಎಷ್ಟು ಬೇಗ ಬಂದಿರಿ ಎನ್ನುವುದು ಮುಖ್ಯವೇ ಅಲ್ಲ.